ಲೆಸ್ಟರನ ಹಲ್ಲಿಗೆ ಸಿಕ್ಕ ಸ್ವಾತಂತ್ರ್ಯ

"ಈ ಸಲ ಸಿನಿಮಾದ ಕೊನೆ ಹಾಡು ಮುಗಿಯೋವರೆಗೂ ಒಬ್ಬರೂ ಏಳಕೂಡದು," ಎಂದು ಜುಲೈ ನಾಲ್ಕರ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ, ಬೆಳಿಗ್ಗೆ ಕಾಫಿ ಹೀರುತ್ತ ಲೆಸ್ಟರ್ ಶಪಥ ಮಾಡಿದ. "ಎದ್ದವರು ಬ್ರಿಟಿಷರ ಕಡೆ ಅಂತಲೇ ಲೆಕ್ಕ."

"ಹಾಗಾದ್ರೆ ಹೋದ ವರ್ಷ ಇಡೀ ಬೀದೀನೇ ಬ್ರಿಟಿಷರ ಕಡೆ ಇತ್ತು ಬಿಡಿ," ಎಂದಳು ಹೆಂಡತಿ ಬರ್ನಿಸ್.

ಮಾತು ಸುಳ್ಳಲ್ಲ. ಫಿಲಡೆಲ್ಫಿಯಾದ ಆ ಗಲ್ಲಿಗೆಲ್ಲ ಪ್ರತಿ ವರ್ಷ ಲೆಸ್ಟರನ ಹಿತ್ತಿಲಲ್ಲಿ ಒಂದೇ ಸಿನಿಮಾ. ಅಮೆರಿಕದ ಮುಖಂಡರು ಸ್ವಾತಂತ್ರ್ಯಕ್ಕಾಗಿ ಜಗಳಾಡಿ, ಜಗಳದ ಮಧ್ಯೆ ಎದ್ದು ಹಾಡಿ, ಕೊನೆಗೆ ಘೋಷಣೆಯನ್ನು ಜನರ ಮುಂದೆ ಓದಿಸುವ ಕಥೆ. ಓದು ಮುಗಿದೊಡನೆ ಒಬ್ಬ ಮುದುಕಿ ಸಣ್ಣ ದನಿಯಲ್ಲಿ ಹಾಡು ಎತ್ತುತ್ತಾಳೆ, ನೋಡನೋಡುತ್ತ ಊರಿಗೆ ಊರೇ ಹಾಡುತ್ತದೆ. ಅಲ್ಲಿ ಲೆಸ್ಟರ್ ಗಳಗಳ ಅಳುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬರು ಅಳಲಿ ಅನ್ನೋದಷ್ಟೇ ಪಾಪ ಅವನ ಆಸೆ. ಆದರೆ ಅಷ್ಟು ಹೊತ್ತಿಗೆ ಜನ ನದಿ ದಂಡೆಯ ಬಾಣಬಿರುಸು ನೋಡಲು ಜಾಗ ಖಾಲಿ ಮಾಡಿರುತ್ತಿದ್ದರು. ಅರ್ಥವಾಗದೆ ಹೋದೀತೆಂದು ಅವನು ಪರದೆಯ ಪಕ್ಕ ನಿಂತು ಮೊದಲಿಂದ ಕೊನೆತನಕ ವಿವರಿಸುತ್ತಿದ್ದ, ಹಾಡುಗಳನ್ನೂ ಜತೆಗೆ ಹಾಡುತ್ತಿದ್ದ. ಇಷ್ಟೆಲ್ಲ ಉಪಕಾರ ಮಾಡಿದರೂ ಜನಕ್ಕೆ ಕೃತಜ್ಞತೆಯೇ ಇಲ್ಲ.

ಸಂಜೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಬೆಡ್‌ಶೀಟು ಎಳೆದು ಕಟ್ಟಿದ.

"ರೀ, ಅದು ಹಾಸಿಗೆಗೆ ಸಿಕ್ಕಿಸೋಕೆ ಸುತ್ತ ಎಲಾಸ್ಟಿಕ್ ಇರೋದು."

"ಬಿಳಿ ಇದ್ರೆ ಸಾಕು ಕಣೇ."

ಸಿನಿಮಾ ಶುರುವಾದೊಡನೆ ಎಲಾಸ್ಟಿಕ್ ತನ್ನ ಬುದ್ಧಿ ತೋರಿಸಿ ಬೆಡ್‌ಶೀಟನ್ನು ನಡುವೆ ಉಬ್ಬಿಸಿತು. ಪರದೆಯ ಮೇಲಿನ ಸಪೂರ ಮುಖಂಡರಿಗೆಲ್ಲ ಗುಡಾಣದಂಥ ಹೊಟ್ಟೆ ಬಂತು. "ಇವರು ಸ್ವಾತಂತ್ರ್ಯ ಕೇಳ್ತಿದ್ದಾರೋ ಊಟಾನೋ?" ಎಂದಳು ಪಕ್ಕದ ಮನೆಯ ಕಾನ್ಚೆಟಾ ಅಜ್ಜಿ. ಲೆಸ್ಟರ್ ಕೆಂಡವಾಗಿ ಬೆಡ್‌ಶೀಟನ್ನು ಜಗ್ಗಿದ್ದೇ ತಡ, ಹಳೇ ಹಗ್ಗ ಪಟ್ಟನೆ ಕಿತ್ತುಬಂತು.

ಅವನು ಬೆಂಚು ಹತ್ತಿ, ಪರದೆಯ ಹಿಂದೆ ಎರಡೂ ಕೈ ಚಾಚಿ ಎರಡು ತುದಿ ಹಿಡಿದ. ನಡುಭಾಗ ಜೋತುಬಿತ್ತು. ಮೂರನೇ ಕೈಯನ್ನು ದೇವರು ಕೊಟ್ಟಿರಲಿಲ್ಲ. ಅದನ್ನು ಹಲ್ಲಲ್ಲಿ ಕಚ್ಚಿದ.

ಮೂಗಿಗೆ ಬೆಡ್‌ಶೀಟು ತಾಗುವಷ್ಟು ಹತ್ತಿರ, ಕಾಣುವುದು ಬರೀ ಬೆಳಕು. ತೋಳು ನಡುಗುತ್ತಿತ್ತು. ಸಿನಿಮಾ ಕೊನೆಗೆ ಬರುವ ಹೊತ್ತಿಗೆ ನದಿಯ ಕಡೆ ಮೊದಲ ಬಾಣ ಢಮ್ಮೆಂದಿತು. ಮುಗೀತು, ಎದ್ದರು ಎಂದುಕೊಂಡ. ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ. ಘೋಷಣೆ ಓದುವ ದನಿಯೊಂದೇ ಹಿತ್ತಿಲಿಡೀ ತುಂಬಿತ್ತು. ಸಿನಿಮಾದ ಮುದುಕಿ ಹಾಡು ಎತ್ತಿದಳು. ಆಕಾಶ ಕೆಂಪಗೆ, ನೀಲಿಯಾಗಿ ಸಿಡಿಯುತ್ತಿದ್ದರೂ ಗಲ್ಲಿಯವರು ಕೂತಲ್ಲೇ ಕೂತಿದ್ದರು. ಯಾರೋ ಬಿಕ್ಕಿದ್ದು ಕೇಳಿಸಿತು. ಲೆಸ್ಟರನ ಕಣ್ಣೀರು ಗಲ್ಲದ ತನಕ ಇಳಿಯಿತು, ಒರೆಸಿಕೊಳ್ಳಲು ಕೈ ಇರಲಿಲ್ಲ.

ಮುಗಿದ ಮೇಲೆ ಬೆಡ್‌ಶೀಟು ಉಗುಳಿ ಹೊರಗೆ ಬಂದ. ಕಾನ್ಚೆಟಾ ಅಜ್ಜಿ ಮೂಗು ಒರೆಸಿಕೊಳ್ಳುತ್ತಿದ್ದಳು. "ಇದು ಇಷ್ಟು ಚೆನ್ನಾಗಿದೆ ಅಂತ ಇಷ್ಟು ವರ್ಷ ಯಾಕಪ್ಪಾ ಹೇಳಲಿಲ್ಲ?"

"ಹೇಳ್ತಾನೇ ಇದ್ನಲ್ಲಜ್ಜೀ, ಮೊದಲಿಂದ ಕೊನೆವರೆಗೂ..."

"ಅದಕ್ಕೇ ರೀ, ಸಿನಿಮಾ ಕೇಳಿಸ್ತಿರಲಿಲ್ಲ," ಎಂದಳು ಬರ್ನಿಸ್. ಅವಳ ಕಣ್ಣೂ ಒದ್ದೆಯಾಗಿತ್ತು. ಹಲ್ಲಿನ ಗುರುತು ಬಿದ್ದ ಬೆಡ್‌ಶೀಟನ್ನು ನಾಜೂಕಾಗಿ ಮಡಿಸುತ್ತ ಮತ್ತೆ ಅಂದಳು:

"ಮುಂದಿನ ವರ್ಷಕ್ಕೆ ಹೊಸ ಹಗ್ಗ ಗಿಗ್ಗ ತರೋಕೆ ಹೋಗ್ಬೇಡಿ."