ಅರವತ್ತಕ್ಕೆ ನಡುಗುವ ಕಾರು

ಕಳೆದ ವರ್ಷ ವಿಜಯದಶಮಿಯಾದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ, ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹೋಗುತ್ತಿದ್ದ ಕಾರೊಂದು ಗಂಟೆಗೆ ಅರವತ್ತು ಕಿಲೋಮೀಟರ್ ವೇಗ ಮುಟ್ಟಿದ ಕೂಡಲೇ ನಡುಗಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಮುಂದಿನ ಸೀಟಿನಲ್ಲಿದ್ದ ಎಪ್ಪತ್ತೆಂಟು ವರ್ಷದ ಮಹಿಳೆಯೊಬ್ಬರ ಕೈಯಲ್ಲಿದ್ದ ಸ್ಟೀಲ್ ಲೋಟದಿಂದ ಅರ್ಧದಷ್ಟು ಕಾಫಿ ಚೆಲ್ಲಿತು. ಪ್ರಾಣಹಾನಿ ಆಗಲಿಲ್ಲ.

ಮಹಿಳೆ ನಮ್ಮಮ್ಮ. ಕಾರು ನಮ್ಮಪ್ಪನದು. ಓಡಿಸುತ್ತಿದ್ದವನು ನಾನು.

ಹಳೇ ಕಾರು ಇಟ್ಟುಕೊಂಡವರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆದರೆ ಕಾಫಿ ಚೆಲ್ಲಿದ್ದು ಸಣ್ಣ ವಿಷಯವಾಗಿರಲಿಲ್ಲ. ಇದೇ ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟಗಳಿದ್ದ ಕಾಲದಲ್ಲಿ ಅಪ್ಪ ಅಮ್ಮನ ಕೈಗೆ ತುಂಬಿದ ಲೋಟ ಕೊಟ್ಟು, “ಒಂದು ತೊಟ್ಟು ಚೆಲ್ಲಿದ್ರೆ ನನ್ನ ಕೇಳು” ಎಂದು ಗಾಡಿ ಎತ್ತುತ್ತಿದ್ದರು. ಅಪ್ಪ ಇರುವ ತನಕ ಕೇಳುವ ಸಂದರ್ಭ ಬರಲಿಲ್ಲ. ಆ ಭಾನುವಾರ ಅಮ್ಮ ಸೀರೆ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದಳು.

ಅಮ್ಮ ತಿಂಗಳಿಗೊಮ್ಮೆ ರಾಜಾನುಕುಂಟೆಯಲ್ಲಿರುವ ತನ್ನ ಅಕ್ಕನನ್ನು ನೋಡಲು ಹೋಗುವುದು ಈ ಕಾರಿನಲ್ಲಿ ಮಾತ್ರ. ಬೇರೆ ಯಾವ ಕಾರಿನಲ್ಲಿ ಕೂತರೂ ಯಲಹಂಕ ಬರುವುದರೊಳಗೆ ವಾಂತಿ. ಸುದ್ದಿ ತಿಳಿದ ನನ್ನ ಹೆಂಡತಿ ಅಂದೇ ತೀರ್ಪು ಕೊಟ್ಟಳು: “ದೀಪಾವಳಿ ಒಳಗೆ ಈ ನಡುಕ ನಿಲ್ಲಲಿಲ್ಲ ಅಂದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ. ಅತ್ತೆ ಸೊಂಟ ಹಿಡ್ಕೊಂಡ್ರೆ ಎಣ್ಣೆ ತಿಕ್ಕೋಳು ನಾನು.”

ದೀಪಾವಳಿಗೆ ಇನ್ನು ಎರಡು ವಾರ ಚಿಲ್ಲರೆ ಇತ್ತು.

೧. ಗ್ಯಾರೇಜಿನಲ್ಲಿ ಹಬ್ಬ

ಇದಕ್ಕೆಲ್ಲ ಮೂಲ ಒಂದು ರಿಪೇರಿ. ನಮ್ಮ ಕಾರಿಗೆ ಇಂಜಿನ್ ಮುಂದೆ, ಗಾಡಿಯನ್ನು ತಳ್ಳುವ ಚಕ್ರ ಹಿಂದೆ. ಎರಡರ ನಡುವೆ ಕಾರಿನ ಹೊಟ್ಟೆಯ ಕೆಳಗೆ ಉದ್ದನೆಯ ಕಬ್ಬಿಣದ ಕೊಳವೆಯೊಂದು ತಿರುಗುತ್ತದೆ, ಅದು ಶಾಫ್ಟ್. ಅದರ ತುದಿಯ ಕೀಲು ಸವೆದಿತ್ತು. ಗಂಗಾನಗರದ ನಮ್ಮ ಮೆಕ್ಯಾನಿಕ್ ಶಾಫ್ಟ್ ಬಿಚ್ಚಿ ಕೆಳಗಿಟ್ಟ. ಹೊಸ ಕೀಲು ಬರುವ ಮೊದಲೇ ಆಯುಧಪೂಜೆ ಬಂತು.

“ಮನೆ ಗಾಡಿ ಹಬ್ಬದ ದಿವ್ಸ ಪೂಜೆ ಇಲ್ದೆ ಯಾರದೋ ಶೆಡ್ಡಲ್ಲಿ ಕೂತಿರ್ಬೇಕಾ?” ಎಂದಳು ಅಮ್ಮ. ಮಾತು ಮುಗಿಯಿತು. ಬೂದುಗುಂಬಳಕಾಯಿ, ನಿಂಬೆಹಣ್ಣು, ಸೇವಂತಿಗೆ ಹಾರ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಸಂಸಾರ ಸಮೇತ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಬೀದಿಯಲ್ಲಿ ಕುಂಬಳಕಾಯಿ ಒಡೆಯುತ್ತಿದ್ದ. ಅಮ್ಮ ಕುಂಕುಮವನ್ನು ಬಾನೆಟ್ಟಿಗಿಟ್ಟಳು, ಸ್ಟೇರಿಂಗಿಗಿಟ್ಟಳು, ಪೇಪರ್ ಮೇಲೆ ಮಲಗಿದ್ದ ಶಾಫ್ಟಿನ ನಡುವಿಗೂ ಒಂದು ಬೊಟ್ಟು ಇಟ್ಟಳು.

“ಇದು ಎಲ್ಲಿತ್ತೋ ಆ ಜಾಗಕ್ಕೂ ಇಡ್ಬೇಕಲ್ವೇನೋ?”

ಹೊಸ ಬಿಳಿ ಪಂಚೆಯಲ್ಲಿ ನಾನು ಕಾರಿನ ಕೆಳಗೆ ತೆವಳಿದೆ. ಹಿಂದಿನ ಚಕ್ರಗಳ ನಡುವೆ, ಶಾಫ್ಟ್ ಬಂದು ಕೂರುವ ದುಂಡನೆಯ ತಟ್ಟೆ ಕೈಗೆ ಸಿಕ್ಕಿತು.

“ದೊಡ್ಡದಾಗಿ ಇಡೋ! ಕಾಣ್ಬೇಕು!” ಎಂದು ಅಮ್ಮ ಹೊರಗಿನಿಂದ ಹೇಳಿದಳು.

ದೊಡ್ಡದಾಗಿಯೇ ಇಟ್ಟು, ಬೆನ್ನ ತುಂಬ ಗ್ರೀಸ್ ಮೆತ್ತಿಕೊಂಡು ಹೊರಬಂದೆ. ಹೆಂಡತಿ ಪಂಚೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಮದುವೇಲಿ ನಮ್ಮಪ್ಪನ ಕಾಲಿಗೆ ಬೀಳೋವಾಗ ನೀವು ಇಷ್ಟು ಬಗ್ಗಿರಲಿಲ್ಲ.”

೨. ಅರವತ್ತು ಎಲ್ಲಿ ಸಿಗುತ್ತದೆ?

ನಡುಕ ಬರುವುದು ಅರವತ್ತಕ್ಕೆ. ಆದ್ದರಿಂದ ಮೆಕ್ಯಾನಿಕ್‌ಗೆ ಅರವತ್ತು ತೋರಿಸಬೇಕಿತ್ತು. ಅವನಿಗೆ ಬಿಡುವಾಗುವುದು ಹನ್ನೊಂದು ಗಂಟೆಗೆ. ಹನ್ನೊಂದಕ್ಕೆ ಗಂಗಾನಗರದಿಂದ ಹೆಬ್ಬಾಳದ ಕಡೆ ಹೊರಟೆವು.

ಚಿಕ್ಕವನಿದ್ದಾಗ ನನಗೆ ಹೆಬ್ಬಾಳ ಎಂದರೆ ಕೆರೆ ಕಡೆಯಿಂದ ನುಗ್ಗುವ ತಣ್ಣನೆ ಗಾಳಿ. ಅಲ್ಲಿಗೆ ಬಂದರೆ ಅಪ್ಪ ನಾಲ್ಕನೇ ಗೇರಿಗೆ ಹಾಕುತ್ತಿದ್ದರು, ಅಮ್ಮ “ನಿಧಾನ, ನಿಧಾನ” ಅನ್ನುತ್ತಿದ್ದಳು. ಈಗ ಅಮ್ಮ ಹೇಳಬೇಕಿಲ್ಲ.

ಆ ಟ್ರಾಫಿಕ್ಕಿನಲ್ಲಿ ನಲವತ್ತು ನಿಮಿಷದಲ್ಲಿ ನಾವು ತಲುಪಿದ ಗರಿಷ್ಠ ವೇಗ ಇಪ್ಪತ್ತೆರಡು. ನಿಂತಲ್ಲಿ ಮೆಕ್ಯಾನಿಕ್ ತನ್ನ ಕಸುಬಿನ ಗುಟ್ಟು ಹೇಳಿದ. “ಗುರುತು ಹಾಕ್ದೆ ನಾನು ಏನೂ ಬಿಚ್ಚಲ್ಲ ಸಾರ್. ಹೆಂಗಿತ್ತೋ ಹಂಗೇ ಕೂರಿಸ್ಬೇಕು. ಅದಕ್ಕೆ ನಮ್ಮನೆಯವಳ ಕೆಂಪು ನೇಲ್ ಪಾಲಿಶೇ ಬೇಕು. ಡೀಸೆಲ್ ಹಾಕಿ ಉಜ್ಜಿದ್ರೂ ಹೋಗಲ್ಲ.”

“ಅವರು ಏನೂ ಅನ್ನಲ್ವಾ?”

“ಮದುವೆಯಾಗಿ ಒಂಬತ್ತು ವರ್ಷ ಆಯ್ತು ಸಾರ್, ಅವಳ ಉಗುರು ಇನ್ನೂ ಬೆಳ್ಳಗೇ ಇದೆ.”

ಮತ್ತೆ ಹತ್ತು ನಿಮಿಷ ಕಾರು ಅಲುಗಲಿಲ್ಲ. ಅವನು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಗಮನವಿಟ್ಟು ನೋಡಿದ.

“ನಡುಗ್ತಾನೇ ಇಲ್ವಲ್ಲ ಸಾರ್?”

“ಗುರು, ಕಾರು ನಿಂತಿದೆ.”

“ನಿಂತಾಗ ನಡುಗ್ತಿಲ್ಲ ಅಂದ್ರೆ ಅದು ಒಳ್ಳೇ ಲಕ್ಷಣ ಸಾರ್,” ಎಂದ.

೩. ಕಣ್ಣು ಮುಚ್ಚಿ ನೋಡುವವರು

ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರಿದ್ದಾರೆ. ಯಾರ ಮನೆಯ ಮಿಕ್ಸಿ ಕೆಟ್ಟರೂ ಮೊದಲು ಬರುವವರು, ಕೊನೆಗೆ ಹೋಗುವವರು. ಅವರೇ ಬಂದು ಹಿಂದಿನ ಸೀಟು ಹತ್ತಿದರು.

“ಕಂಪನ ಕಣ್ಣಿಗೆ ಕಾಣೋದಲ್ಲ ಕಣ್ರೀ, ಬೆನ್ನಿಗೆ ಗೊತ್ತಾಗೋದು. ನಾನು ಕಣ್ಣು ಮುಚ್ಕೋತೀನಿ. ಅರವತ್ತು ಬಂದ್ಮೇಲೆ ಗೇರ್ ನ್ಯೂಟ್ರಲ್‌ಗೆ ಹಾಕಿ. ಆಗ್ಲೂ ನಡುಗಿದ್ರೆ ಇಂಜಿನ್ ಕಾರಣ ಅಲ್ಲ.”

ಮುಂಜಾನೆ ಯಲಹಂಕದಾಚೆ ಅರವತ್ತು ಸಿಕ್ಕಿತು. ನ್ಯೂಟ್ರಲ್‌ಗೆ ಹಾಕಿದೆ. ಕಾರು ನಡುಗುತ್ತಲೇ ಇತ್ತು. “ಈಗ ಏನನ್ನಿಸ್ತಿದೆ ಸಾರ್?” ಎಂದೆ. ಉತ್ತರವಿಲ್ಲ. ಗಹನವಾದ ಅಧ್ಯಯನ ಎಂದುಕೊಂಡು ಇನ್ನೂ ಎರಡು ಸಲ ಮಾಡಿದೆ. ಮೂರನೇ ಸಲ ಗೊರಕೆ ಕೇಳಿಸಿತು.

ವಾಪಸು ಮನೆಯ ಮುಂದೆ ಎಬ್ಬಿಸಿದೆ. ಕಣ್ಣುಜ್ಜಿಕೊಂಡು, “ಎಷ್ಟೋ ದಿನದ ಮೇಲೆ ಇಂಥಾ ನಿದ್ದೆ ಬಂತು ಕಣ್ರೀ. ಇದನ್ನ ಯಾಕೆ ಸರಿ ಮಾಡಿಸ್ತೀರಿ?” ಎಂದರು.

೪. ಐದನೆಯದು

ಯಶವಂತಪುರದ ಟೈರ್ ಅಂಗಡಿಯವನು ಚಕ್ರಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿ ತಿರುಗಿಸಿದ.

“ನಾಲ್ಕೂ ಸರಿ ಇದಾವೆ ಸಾರ್. ಐದನೇದು ಯಾವ್ದಾದ್ರೂ ತಿರುಗ್ತಾ ಇದ್ಯಾ ನೋಡಿ.”

ನಾನು ನಕ್ಕೆ. ಅವನೂ ನಕ್ಕ. ಇಡೀ ಪ್ರಕರಣದಲ್ಲಿ ಸತ್ಯದ ಹತ್ತಿರಕ್ಕೆ ಬಂದಿದ್ದವನು ಅವನೊಬ್ಬನೇ. ಅದು ಅವನಿಗೂ ಗೊತ್ತಾಗಲಿಲ್ಲ.

೫. ಎತ್ತಿನ ವೈದ್ಯ

ದೀಪಾವಳಿಗೆ ನಾಲ್ಕು ದಿನವಿತ್ತು. “ಇನ್ನೊಂದ್ಸಲ ಅಕ್ಕನ ಮನೆಗೆ ಹೋಗ್ಬರೋಣ. ಆಮೇಲೆ ಕೊಟ್ಬಿಡು” ಎಂದಳು ಅಮ್ಮ, ನನ್ನ ಮುಖ ನೋಡದೆ. ಲೋಟವನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದಳು. ಐವತ್ತರಲ್ಲೇ ಓಡಿಸಿದೆ.

ರಾಜಾನುಕುಂಟೆಯ ದೊಡ್ಡಮ್ಮ ಎಂಬತ್ತು ದಾಟಿದವಳು. ಮಕ್ಕಳು ಹೊಲವನ್ನೆಲ್ಲ ಸೈಟು ಮಾಡಿದರೂ ಅವಳ ಮಾತಿನಲ್ಲಿ ಇನ್ನೂ ದನಕರು ಮೇಯುತ್ತವೆ. ಕಾರಿನ ಕಥೆ ಕೇಳಿ, ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ಸವರುವಂತೆ ಕೈಯಾಡಿಸಿದಳು.

“ಎತ್ತೂ ಇಂಗೇ ಕಣವ್ವ. ಒಡೆಯ ಓದ್ಮೇಲೆ ಒಸಬರು ಕೈ ಇಕ್ಕುದ್ರೆ ಮೈ ನಡುಗಿಸ್ತದೆ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ದಾಖಲೆಗೆ ಇರಲಿ ಎಂದು, “ದೊಡ್ಡಮ್ಮ, ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು. ಅವತ್ತಿಂದ ನಾನೇ ಓಡಿಸ್ತಿದೀನಿ” ಎಂದೆ.

“ಅನ್ನೊಂದ್ ವರ್ಷ ಸಹಿಸ್ಕಂಡದಲ್ಲಪ್ಪ, ಪಾಪ,” ಎಂದಳು ದೊಡ್ಡಮ್ಮ.

೬. ಕೆಂಪು ಗುರುತು

ನರಕ ಚತುರ್ದಶಿಯ ಹಿಂದಿನ ದಿನ ಕೊನೆಯ ಪ್ರಯತ್ನವೆಂದು ಗ್ಯಾರೇಜಿಗೆ ಹೋದೆ. ಗುಜರಿಯವನ ನಂಬರು ಹೆಂಡತಿಯ ಫೋನಿನಲ್ಲಿ ಸಿದ್ಧವಾಗಿತ್ತು. ಮೆಕ್ಯಾನಿಕ್ ಕಾರನ್ನು ಎತ್ತಿ ನಿಲ್ಲಿಸಿ, ನನ್ನ ಕೈಗೆ ಟಾರ್ಚ್ ಕೊಟ್ಟು ಕೆಳಗೆ ಹೋದ. ನಾನು ಬಗ್ಗಿ ಬೆಳಕು ಬಿಟ್ಟೆ.

“ನೋಡಿ ಸಾರ್. ಶಾಫ್ಟಿನ ತುದೀಲಿ ನನ್ನ ಗುರುತು. ಈ ತಟ್ಟೇಲಿ ಅದರ ಜೋಡಿ. ಎರಡೂ ಎದುರುಬದುರು ಇದಾವೆ. ಕರೆಕ್ಟಾಗೇ ಕೂರಿಸಿದೀನಿ.”

“ಈ ಕಡೆ ಇನ್ನೊಂದಿದೆಯಲ್ಲಪ್ಪ, ಸಣ್ಣದು?”

“ನಾನು ತಟ್ಟೇಲಿ ಹಾಕಿದ್ದು ಒಂದೇ ಸಾರ್.” ದೊಡ್ಡ ಗುರುತನ್ನು ಉಗುರಿನಿಂದ ಕೆರೆದ. ಮೂಸಿದ. “ಇದು ನಮ್ಮನೆಯವಳದ್ದಲ್ಲ ಸಾರ್. ಕುಂಕುಮ! ಹಬ್ಬದ ಮಾರನೇ ದಿನ ಕೂರಿಸೋವಾಗ ಇದೇ ದೊಡ್ಡದಾಗಿ ಕಾಣ್ತಿತ್ತು, ಇದಕ್ಕೇ ಜೋಡಿಸ್ಬಿಟ್ಟಿದೀನಿ. ಶಾಫ್ಟ್ ಉಲ್ಟಾ ಕೂತಿದೆ, ತೂಕ ತಪ್ಪಿ ಅದಕ್ಕೇ ನಡುಗ್ತಿದೆ. ಯಾವನು ಸಾರ್ ಇಲ್ಲಿಗೆ ಬಂದು ಕುಂಕುಮ ಇಟ್ಟಿದ್ದು?”

ಟಾರ್ಚ್ ಸ್ವಲ್ಪ ನಡುಗಿತು. ಕಾರು ನಿಂತೇ ಇತ್ತು.

ಮನೆಗೆ ಬಂದು ಅಮ್ಮನಿಗೆ ತಪ್ಪೊಪ್ಪಿಕೊಂಡೆ. ಅವಳಿಗೆ ಸ್ವಲ್ಪವೂ ಪಶ್ಚಾತ್ತಾಪವಾಗಲಿಲ್ಲ. “ನೋಡ್ದೆಯಾ? ದೊಡ್ಡದಾಗಿ ಇಡು ಅಂದಿದ್ದಕ್ಕೇ ಇವತ್ತು ಕಣ್ಣಿಗೆ ಬಿತ್ತು. ಚಿಕ್ಕದಾಗಿ ಇಟ್ಟಿದ್ದಿದ್ರೆ ಯಾರಿಗೆ ಕಾಣ್ತಿತ್ತು?”

ನಾಲ್ಕು ಬೋಲ್ಟ್ ಬಿಚ್ಚಿ, ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿಯಲು ಇಪ್ಪತ್ತೈದು ನಿಮಿಷ ಹಿಡಿದಿತ್ತು. ಹಬ್ಬ ಕಳೆದ ಭಾನುವಾರ ಅಮ್ಮ ಲೋಟದ ತುಂಬ ಕಾಫಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಯಲಹಂಕ ದಾಟಿದ ಮೇಲೆ ಕಾರು ಅರವತ್ತು ಮುಟ್ಟಿತು. ಕಾಫಿ ಚೆಲ್ಲಲಿಲ್ಲ.