ಪುಟದಂಚಿನ ಎಮ್ಮೆಗಳು

ತೊಂದರೆ ಶುರುವಾದದ್ದು ಒಂದು ಹಾಳೆಯಿಂದ. ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುವ ಯೋಜನೆಯೊಂದು ಗೋಕಾಕದಲ್ಲಿ ಕಚೇರಿ ತೆರೆದಿತ್ತು. ಅಲ್ಲಿಂದ ಬಂದ ಸೂಚನೆಗಳ ಹಾಳೆ ಅದು. ನಾಲ್ಕನೆಯ ಸೂಚನೆ: 'ಪುಟದಲ್ಲಿ ಇರುವುದೆಲ್ಲವೂ ಬರತಕ್ಕದ್ದು.' ಏಳನೆಯದು: 'ಪುಸ್ತಕಕ್ಕೆ ಸಂಬಂಧಿಸದ ಯಾವುದೂ ಬರತಕ್ಕದ್ದಲ್ಲ.' ಸಮ್ಮೇದ ನಾಲ್ಕನ್ನು ಓದಿ ತಲೆಯಾಡಿಸಿದ. ಏಳನ್ನು ಓದಿಯೂ ತಲೆಯಾಡಿಸಿದ. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಅವನ ತಲೆ, ಹಿಂದೊಂದು ಮುಂದೊಂದು ಎತ್ತು ಕಟ್ಟಿದ ಗಾಡಿಯಂತೆ ಇದ್ದಲ್ಲೇ ನಿಂತುಬಿಟ್ಟಿತು.

ಇದು ೨೦೦೪ರ ಮಾತು. ಮೂಡಲಗಿಯ ಬಸ್ ನಿಲ್ದಾಣದ ಹಿಂದೆ ಸಮ್ಮೇದನದೊಂದು ಸಣ್ಣ ಡಿ.ಟಿ.ಪಿ. ಕೋಣೆ. ಲಗ್ನಪತ್ರಿಕೆಯ ಸುಗ್ಗಿ ಮುಗಿದು ಯಂತ್ರ ಸುಮ್ಮನೆ ಕೂತಿತ್ತು. 'ಈ ವಾರದಾಗ ಒಂದು ಕಾಯಂ ಕೆಲಸ ಹಿಡಿ, ಇಲ್ಲಾಂದ್ರ ನನ್ನ ಬೆಲ್ಲದ ಅಂಗಡ್ಯಾಗ ಬಂದು ಕುಂಡ್ರು' ಎಂದು ಸಂಕೇಶ್ವರದ ಸೋದರಮಾವ ಹೇಳಿ ಕಳಿಸಿದ್ದ. ಅಂಗಡಿ ಎಂದರೆ ಸಮ್ಮೇದನಿಗೆ ಜ್ವರ. ಬೆಲ್ಲದ ಮೇಲೇನೂ ಸಿಟ್ಟಿಲ್ಲ, ಗಿರಾಕಿಗಳೆಂದರೆ ಅಂಜಿಕೆ. ನಾಲ್ಕು ಜನ ಒಮ್ಮೆಲೇ ಮಾತಾಡಿದರೆ ಅವನಿಗೆ ತನ್ನ ಹೆಸರೇ ಮರೆಯುತ್ತಿತ್ತು. ಪುಸ್ತಕದ ಕೆಲಸವೆಂದರೆ ಹಾಗಲ್ಲ. ಪುಟಗಳು ಮಾತಾಡುವುದಿಲ್ಲ, ಚೌಕಾಸಿ ಮಾಡುವುದಿಲ್ಲ.

ಕಚೇರಿಯವರು ಪರೀಕ್ಷೆಗೆಂದು ಮೂಡಲಗಿಯ ವಾಚನಾಲಯದ ಒಂದು ಹಳೆಯ ಪುಸ್ತಕದ ನಲವತ್ತು ಪುಟಗಳ ಚಿತ್ರ ಕೊಟ್ಟಿದ್ದರು. ದನಕರುಗಳ ಮನೆಮದ್ದಿನ ಪುಸ್ತಕ. ಈ ದಿನ ಸಂಜೆ ನಾಲ್ಕಕ್ಕೆ ಸಿದ್ಧಪಡಿಸಿ ಒಪ್ಪಿಸಬೇಕು. ಮೆಚ್ಚಿಗೆಯಾದರೆ ಎರಡು ವರ್ಷದ ಕೆಲಸ. ಅಚ್ಚಾದ ಮಾತನ್ನೆಲ್ಲ ಸಮ್ಮೇದ ಆಗಲೇ ಟೈಪು ಮಾಡಿ, ತುಂಡಾದ ಸಾಲುಗಳನ್ನು ಕೂಡಿಸಿ, ಪ್ರತಿ ಪುಟದ ತಲೆಯ ಮೇಲಿದ್ದ ಹೆಸರು ತೆಗೆದು, ಪ್ಯಾರಾ ಬಿಡಿಸಿ ಅಚ್ಚುಕಟ್ಟು ಮಾಡಿದ್ದ. ಉಳಿದದ್ದು ಅಂಚಿನ ಬರಹ. ಅರವತ್ತು ವರ್ಷ ಊರಿನ ಮನೆಮನೆ ತಿರುಗಿದ ಪುಸ್ತಕವದು. ಒಯ್ದವರೆಲ್ಲ ಮದ್ದು ಮಾಡಿ ನೋಡಿ, ಏನಾಯಿತೆಂದು ಅಂಚಿನಲ್ಲಿ ಗೀಚಿದ್ದರು. ಇರುವೆ ಸಾಲಿನಂಥ ಆ ಅಕ್ಷರ ಅವನಿಗೆ ಒಂದೂ ತಿಳಿಯಲಿಲ್ಲ. ಅದನ್ನು ಬರೆಯಬೇಕೋ ಬಿಡಬೇಕೋ, ಅದೂ ತಿಳಿಯಲಿಲ್ಲ.

ಒಂಬತ್ತಕ್ಕೆ ಬಾಜೂ ಚಹಾದಂಗಡಿಯ ಗುಡ್ಡಪ್ಪ ಕಾಕಾ ಎಂದಿನಂತೆ ತಾನಾಗಿಯೇ ಒಂದು ಚಹಾ ತಂದಿಟ್ಟ. ಕನ್ನಡಕ ಏರಿಸಿ ಪರದೆ ನೋಡಿದವನು ಕೂಗಿಯೇಬಿಟ್ಟ.

"ಏ ಸಮ್ಮೇದಾ! ಇದು ನಮ್ಮಪ್ಪನ ಅಕ್ಷರ ಅಲ್ಲೋ!"

"ಖರೆ ಏನ್ ಕಾಕಾ? ಏನ್ ಬರದಾರ? ಓದ್ರಿ ಒಂದೀಟು."

ಕಾಕಾನ ಓದು ಎಂದರೆ ಡಂಗುರ. ಓಣಿಗೆಲ್ಲ ಕೇಳುವಂತೆ ಶುರುಮಾಡಿದ. ಅವನು ಓದಿದಂತೆ ಸಮ್ಮೇದ ಟೈಪು ಮಾಡುತ್ತ ಹೋದ. 'ಎಮ್ಮೆಯ ಹೊಟ್ಟೆ ಉಬ್ಬಿದರೆ ಅಜವಾನವನ್ನು ಅರೆದು ಮಜ್ಜಿಗೆಯಲ್ಲಿ ಕುಡಿಸತಕ್ಕದ್ದು' ಎಂದಿತ್ತು ಅಚ್ಚು. ಅಂಚಿನಲ್ಲಿ: 'ಕುಡಿಸಿದೆ. ಒದ್ದಿತು. ಎಮ್ಮಿ ಆರಾಮ ಆತು, ನಾನು ನಾಕು ದಿನ ಮಲಗಿದೆ.' ಮುಂದಿನ ಪುಟದಲ್ಲಿ ಯಾರೋ, 'ಈ ಮದ್ದು ಸುಳ್ಳು, ಅಪ್ಪಣ್ಣನ ಹೋರಿಗೆ ಗುಣ ಆಗಲಿಲ್ಲ' ಎಂದು ಬರೆದಿದ್ದರು. ಅದರ ಕೆಳಗೆ ಕಾಕಾನ ಅಪ್ಪನ ಮಸಿಯಲ್ಲಿ: 'ಹೋರಿಗೆ ರೋಗ ಇರಲಿಲ್ಲ. ಅಪ್ಪಣ್ಣ ಮೇವು ಹಾಕಿರಲಿಲ್ಲ.'

ಚಹಾದಂಗಡಿಯಲ್ಲಿ ಕೂತಿದ್ದವರು ಹೊಟ್ಟೆ ಹಿಡಿದು ನಕ್ಕರು. ಆ ನಗು ಅಪ್ಪಣ್ಣನ ಮನೆ ತಲುಪಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅಪ್ಪಣ್ಣನಿಗೆ ಈಗ ಎಂಬತ್ತರ ಮೇಲೆ. ಆದರೂ ಕೋಲು ಊರುತ್ತ ಬಾಗಿಲಿಗೆ ಬಂದು ನಿಂತ.

"ಯಾವಾಂವಲೇ ನನ್ನ ಹೋರಿ ಸುದ್ದಿ ಜಗತ್ತಿಗೆ ಸಾರಾಂವ? ತಗೀ ಅದನ್ನ!"

"ಅಜ್ಜಾ, ನಾಲ್ಕನೇ ಸೂಚನಾದಾಗ ಎಲ್ಲಾ ಬರಬೇಕಂತ ಐತ್ರಿ, ಏಳನೇದರಾಗ ಸಂಬಂಧ ಇಲ್ಲದ್ದು ಬರಬಾರದಂತ..."

"ಏಳನೇದು ಓದು! ಸಂಬಂಧ ಇಲ್ಲದ್ದು ಬರಬಾರದು ಅಂತ ನೀನ ಈಗ ಹೇಳಿದೆಲ್ಲ? ನಾ ಮೇವು ಹಾಕಿದ್ದಕ್ಕೂ ಪುಸ್ತಕಕ್ಕೂ ಏನು ಸಂಬಂಧ?"

"ಹಾಕಲಿಲ್ಲ ಅನ್ನೂದಕ್ಕ ಸಂಬಂಧ ಐತಿ," ಎಂದ ಗುಡ್ಡಪ್ಪ. "ನಮ್ಮಪ್ಪ ಸುಳ್ಳು ಬರದಾಂವ ಅಲ್ಲ."

ಸಮ್ಮೇದ ಆ ಸಾಲು ತೆಗೆದ. ಗುಡ್ಡಪ್ಪನ ಮುಖ ಬಾಡಿತು; ಮತ್ತೆ ಹಾಕಿದ. ಅಪ್ಪಣ್ಣ ಕೋಲು ಎತ್ತಿದ, ಮತ್ತೆ ತೆಗೆದ. ಅಷ್ಟರಲ್ಲಿ ಹಾಲು ಮಾರುವ ಹಣಮವ್ವ ಬಂದಳು. ಹದಿನೇಳನೆಯ ಪುಟದಲ್ಲಿ ಅವಳ ಅತ್ತೆಯ ಮಾತಿತ್ತು: 'ಎಮ್ಮಿಗೆ ಈ ಮದ್ದು ಹಾಕಿದಿವಿ. ಹಾಲು ಹೆಚ್ಚಾತು. ನೀರೂ ಹೆಚ್ಚಾತು.'

"ಹಾಲು ಹೆಚ್ಚಾದದ್ದು ಇರಲಿ, ನೀರು ತಗೀಪಾ," ಎಂದಳು ಹಣಮವ್ವ. "ಮೊಮ್ಮಗಳ ಲಗ್ನ ನಡದೈತಿ, ಬೀಗರು ಓದಿದ್ರ ಏನಂದಾರು?" ಸಿಟ್ಟಿನಲ್ಲೇ ಇದ್ದರೂ, ಹುಡುಗ ಮುಂಜಾನೆಯಿಂದ ಏನೂ ತಿಂದಿಲ್ಲವೆಂದು ಸೆರಗಿನಡಿಯಿಂದ ಮಜ್ಜಿಗೆಯ ತಂಬಿಗೆ ತೆಗೆದು ಮೇಜಿನ ಮೇಲಿಟ್ಟಳು. ಮಜ್ಜಿಗೆ ಬಹಳ ತೆಳ್ಳಗಿತ್ತು. ಸಮ್ಮೇದ ತಳದವರೆಗೂ ಕುಡಿದ.

ಹನ್ನೆರಡರ ಹೊತ್ತಿಗೆ ಕೋಣೆಯಲ್ಲಿ ಹದಿನಾಲ್ಕು ಜನ. ಅರ್ಧದಷ್ಟು ಮಂದಿಗೆ ತಮ್ಮ ಮನೆಯ ಮಾತು ತೆಗೆಯಬೇಕು, ಉಳಿದವರಿಗೆ ತಮ್ಮ ಮನೆಯ ಮಾತು ಯಾಕಿಲ್ಲ ಎಂಬ ಸಿಟ್ಟು. ಒಬ್ಬ ಹೊಸ ಮದ್ದನ್ನೇ ಹೇಳಿ ಬರೆಸತೊಡಗಿದ. ತೆಗೆದು ಹಾಕಿ ಸಾಲುಗಳೆಲ್ಲ ಕಲಸಿಹೋಗಿ, ಪರದೆಯ ಮೇಲೆ ಅಪ್ಪಣ್ಣನ ಹೋರಿ ಹಣಮವ್ವನ ಹಾಲು ಕುಡಿಯುತ್ತಿತ್ತು. ಗುಡ್ಡಪ್ಪನ ಅಪ್ಪ ಕೋಳಿಯ ಕೆಮ್ಮಿಗೆ ನಾಲ್ಕು ದಿನ ಮಲಗಿದ್ದ. ಸಮ್ಮೇದ ಕೀಲಿಮಣೆಯಿಂದ ಕೈ ತೆಗೆದ.

ಆಗ ಅವನ ತಾಯಿ ಜಿನ್ನವ್ವ ಬುತ್ತಿ ತಂದಳು. ನಿಂತು ಎಲ್ಲವನ್ನೂ ಕೇಳಿದಳು.

"ಒಬ್ಬರದು ತಗದು ಒಬ್ಬರದು ಇಟ್ಟಂದ್ರ ಜಗಳಾನ. ಎಲ್ಲಾರದೂ ತಗದಬಿಡು. ಅಚ್ಚಾಗಿದ್ದಷ್ಟ ಇರಲಿ."

ಸೇರಿದ ಮಂದಿ ಒಬ್ಬರನ್ನೊಬ್ಬರು ನೋಡಿ, ಬೇರೆಯವರದೂ ಹೋಗುತ್ತದೆಂಬ ಸಮಾಧಾನಕ್ಕೆ ಒಪ್ಪಿಕೊಂಡರು. ಗುಡ್ಡಪ್ಪ ಮಾತ್ರ ಒಪ್ಪಲಿಲ್ಲ.

"ನಮ್ಮಪ್ಪನ್ನ ಅಳಸಾಕತ್ತಿ. ಆತು, ಅಳಸು. ನಾನೂ ಗೋಕಾಕಕ್ಕ ಬರ್ತೀನಿ. ಇದು ಸರಿಯೋ ತಪ್ಪೋ ಆ ಕಚೇರಿ ಮೇಡಮ್ಮರನ್ನ ಕೇಳ್ತೀನಿ."

ಅಂಚು ಅಳಿಸಿ, ಸಿ.ಡಿ.ಗೆ ಹಾಕಿ ಓಡುವಷ್ಟರಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಮುಂದಾಗಿ ಹೋಗಿದ್ದ ಗುಡ್ಡಪ್ಪ ಮೆಟ್ಟಿಲ ಮೇಲೆ ನಿಂತು, "ನಮ್ಮ ಹುಡುಗ ಒಬ್ಬ ಬರಾಂವದಾನ, ನಿಲ್ಲಸ್ರೀ" ಎಂದು ಕಂಡಕ್ಟರನ ಕೈ ಹಿಡಿದಿದ್ದ. ಅರಭಾವಿಯಲ್ಲಿ ಕಾಲೇಜಿನ ಹುಡುಗರು ತುಂಬಿಕೊಂಡಾಗ ಸರಿದು ಕೂತು ಜಾಗ ಮಾಡಿಕೊಟ್ಟ. ಮಾತು ಮಾತ್ರ ಬಿಟ್ಟಿದ್ದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಗೋಕಾಕದ ಕಚೇರಿಯಲ್ಲಿ ವಿಜಯಶ್ರೀ ಮೇಡಮ್ಮರ ಮುಂದೆ ಕೂತರು. ಮೇಡಮ್ ಸಿ.ಡಿ. ಹಾಕಿ ಪರದೆಯ ಮೇಲೆ ಪುಟಪುಟ ತಿರುವಿದರು.

"ಎಷ್ಟು ಚೊಲೋ ಮಾಡೀರಿ! ಒಂದು ತಪ್ಪಿಲ್ಲ. ಬಂದ ಮೂರು ಮಂದ್ಯಾಗ ನಿಮ್ಮದ ಸ್ವಚ್ಛ."

ಸಮ್ಮೇದನಿಗೆ ಎದ್ದು ಕುಣಿಯಬೇಕೆನಿಸಿತು. ಅಷ್ಟರಲ್ಲಿ ಗುಡ್ಡಪ್ಪ ಕೆಮ್ಮಿದ. "ಮೇಡಮ್ಮರ, ಒಂದು ಮಾತು." ಸಮ್ಮೇದ ಮೇಜಿನ ಕೆಳಗೆ ಅವನ ಕಾಲು ತುಳಿದ. ಗುಡ್ಡಪ್ಪ ಕಾಲು ಎಳೆದುಕೊಂಡ. "ಅಂಚಿನಾಗ ನಮ್ಮಪ್ಪ ಬರದಿದ್ದ. ಇಂವ ಅಳಸ್ಯಾನ."

ಮೇಡಮ್ ಪರದೆ ಬಿಟ್ಟು ತಲೆ ಎತ್ತಿದರು. "ಅಂಚಿನ ಬರಹ ತಗದೀರೇನು? ಕೊನೀಗೆ ಬ್ಯಾರೆ ಹಾಕೀರಿ ಅಂದಕೊಂಡಿದ್ದೆ."

"ಏಳನೇ ಸೂಚನಾ ಹಂಗಿತ್ರಿ..."

"ಅಯ್ಯ, ಅದು ಎಣ್ಣಿ ಕಲೆ, ಹುಳದ ತೂತಿಗೆ ಹೇಳಿದ್ದು! ಅಚ್ಚಾದ ಪುಸ್ತಕ ಬ್ಯಾರೆ ಕಡೆ ಐದು ಪ್ರತಿ ಅದಾವ. ಈ ಪ್ರತೀನ ನಾವು ತಗೊಂಡದ್ದು ಅಂಚಿನ ಸಲುವಾಗಿ. ಯಾವ ಮದ್ದು ನಾಟಿತು, ಯಾವುದು ನಾಟಲಿಲ್ಲ ಅಂತ ಊರಿನ ಮಂದಿ ಬರದಾರಲ್ಲ, ಅದ ನಮಗ ಬೇಕಾದದ್ದು. ಆದ್ರ ಆ ಅಕ್ಷರ ಇಲ್ಲಿ ಯಾರಿಗೂ ಓದಾಕ ಬರವಲ್ದು."

"ಓದೂದೇನ್ರಿ ಅದರಾಗ?" ಎಂದ ಗುಡ್ಡಪ್ಪ. ಮೇಡಮ್ ಮೂಲ ಪುಟಗಳ ಚಿತ್ರ ತೆರೆದರು, ಅವನು ಕನ್ನಡಕ ಏರಿಸಿದ. ಹೋರಿ, ಎಮ್ಮೆ, ಕೋಳಿ, ಹಾಲು, ನೀರು ಒಂದೂ ಬಿಡದೆ ನಲವತ್ತು ಪುಟವನ್ನೂ ಓದಿ, ಬರೆದವರು ಯಾರು, ಯಾರ ಮಗ, ಯಾವ ಓಣಿ ಎಂದು ವಿವರಿಸಿದ. ಮೇಡಮ್ ನಕ್ಕು ನಕ್ಕು ಕಣ್ಣೊರೆಸಿಕೊಂಡು ಪೆನ್ನು ತೆಗೆದರು. ಸಮ್ಮೇದನ ಮುಖ ನೋಡಿ ಅವರಿಗೂ ಕೆಡುಕೆನಿಸಿರಬೇಕು; ಮೊದಲು ಒಂದು ಲೋಟ ನೀರು ತರಿಸಿಕೊಟ್ಟರು.

"ತಪ್ಪು ತಿಳೀಬ್ಯಾಡ್ರಿ ತಮ್ಮಾ. ಟೈಪ್ ಮಾಡಾವ್ರು ನಮಗ ಸಿಗ್ತಾರ. ಓದಾವ್ರು ಸಿಗಂಗಿಲ್ಲ. ಇರೂದು ಒಂದ ಕೆಲಸ." ಕಾಗದದ ಮೇಲೆ ಗುಡ್ಡಪ್ಪನ ಹೆಸರು ಬರೆದರು. ಎರಡು ವರ್ಷಕ್ಕೆ.

ತಿರುಗಿ ಬರುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಗುಡ್ಡಪ್ಪನಿಗೆ ಖುಷಿ ಎಷ್ಟೋ, ಸಂಕಟವೂ ಅಷ್ಟೇ. ಕೊನೆಗೆ ಸಮ್ಮೇದನ ಹೆಗಲ ಮೇಲೆ ಕೈಯಿಟ್ಟ.

"ನಿನ್ನ ಅನ್ನಾ ಕಸಗೊಳ್ಳಾಂವ ಅಲ್ಲ ನಾನು. ನಿಮ್ಮ ಮಾವಗ ಹೇಳು, ಕಾಯಂ ಕೆಲಸ ಸಿಕ್ತು ಅಂತ. ನಾ ದಿನಾ ಗೋಕಾಕಕ್ಕ ಹೋದ್ರ ನನ್ನ ಚಹಾದಂಗಡಿ ನೋಡಾವ್ರು ಯಾರು? ನಾಳಿಂದ ನೀನ ಕುಂಡ್ರು."

ಗಿರಾಕಿಗಳ ನೆನಪಾಗಿ ಸಮ್ಮೇದ ಸೀಟಿನ ಅಂಚಿಗೆ ಸರಿದ. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ಮೂಡಲಗಿಯವನೊಬ್ಬ ತಿರುಗಿದ.

"ಹೌದೇನು? ಹಂಗಾರ ಮುಂಜಾನೆ ಐದೂವರಿಗೆ ತಗಿಯಪಾ. ಗುಡ್ಡಪ್ಪ ಬಾಳ ತಡಾ ಮಾಡ್ತಾನ."

ಮೂಡಲಗಿಯಲ್ಲಿ ಇಳಿಯುವುದರೊಳಗೆ ಬಸ್ಸಿನಲ್ಲೇ ಹನ್ನೊಂದು ಚಹಾ ಹೇಳಿ ಆಗಿತ್ತು. ಅದರಲ್ಲಿ ಎರಡಕ್ಕೆ ಸಕ್ಕರೆ ಬೇಡ. ಯಾವ ಎರಡಕ್ಕೆ ಎಂಬುದು ಮಾತ್ರ ಸಮ್ಮೇದನಿಗೆ ತಿಳಿಯಲಿಲ್ಲ.