ಕೆಂಪು ಬಾಳೆಗೊಂದು ವೆಬ್‌ಸೈಟು

ಮಧ್ಯಾಹ್ನ ಊಟವಾದ ಮೇಲೆ ನನಗೆ ಹೊಳೆಯುವ ವಿಚಾರಗಳನ್ನು ನಂಬಬಾರದು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೊಬ್ಬನಿಗೆ ಮಾತ್ರ ಅದು ಪ್ರತಿ ಸಲವೂ ಮರೆತುಹೋಗುತ್ತದೆ. ಬೆಳಗಿನ ಹೊತ್ತು ನಾನು ತಕ್ಕಮಟ್ಟಿಗೆ ಬುದ್ಧಿವಂತನೇ. ಹಾಲಿನವನ ಜೊತೆ ವಾದ ಮಾಡಬಲ್ಲೆ, ಕಚೇರಿಯಲ್ಲಿ ಸಾಹೇಬರ ಕರಡಿನಲ್ಲಿ ತಪ್ಪು ಹುಡುಕಬಲ್ಲೆ. ಆದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಅದರ ಮೇಲೊಂದಿಷ್ಟು ಮೊಸರನ್ನ ಹೊಟ್ಟೆಗಿಳಿದು, ಕಿಟಕಿಯಾಚೆ ಕಲಬುರಗಿಯ ಬಿಸಿಲು ಬೆಳ್ಳಗೆ ನಿಂತು, ನೆತ್ತಿಯ ಮೇಲೆ ಫ್ಯಾನು ಗೊಣಗತೊಡಗಿತೆಂದರೆ ನಾನು ನಾನಾಗಿರುವುದಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವಿನ ಆ ಸಣ್ಣ ಜಾಗದಲ್ಲಿ ಕೂತು ಏನೇನು ಉದ್ಯೋಗ ಹೂಡಿದ್ದೇನೆ ಅಂತೀರಿ! ಅಂಚೆಯ ಮೂಲಕ ಹಾರ್ಮೋನಿಯಂ ಕಲಿಸುವ ಶಾಲೆ ತೆಗೆದಿದ್ದೇನೆ. ನಮ್ಮ ಬಿಸಿಲಿನಲ್ಲಿ ಹಪ್ಪಳ ಒಣಗಿಸಿ ಊಟಿಗೆ ಕಳಿಸುವ ಕಂಪನಿ ಕಟ್ಟಿದ್ದೇನೆ, ಏಕೆಂದರೆ ಅಲ್ಲಿ ಬಿಸಿಲಿಲ್ಲ, ಇಲ್ಲಿ ಬೇರೇನೂ ಇಲ್ಲ. ಸಂಜೆಯ ಚಹಾದ ವಾಸನೆ ಬಂತೆಂದರೆ ಈ ಕಂಪನಿಗಳೆಲ್ಲ ತಾವಾಗಿಯೇ ಮುಚ್ಚಿಹೋಗುತ್ತವೆ, ಯಾರಿಗೂ ನಷ್ಟವಿಲ್ಲ. ಒಂದೇ ಒಂದು ಸಲ ಮಾತ್ರ ಹಾಗಾಗಲಿಲ್ಲ.

ಅದು ನಮ್ಮ ಊರಿಗೆ ಇಂಟರ್ನೆಟ್ಟು ಬಂದ ಹೊಸತು. ಶಹಾಬಜಾರದ ನಮ್ಮ ಓಣಿಯ ತುದಿಯಲ್ಲಿ ನಯೀಮ್‌ಸಾಹೇಬರು ಬಹಳ ಕಾಲದಿಂದ ಟೈಪಿಂಗ್ ಕಲಿಸುತ್ತಿದ್ದರು. ಇದ್ದಕ್ಕಿದ್ದಂತೆ ಒಂದು ದಿನ ಟೈಪ್‌ರೈಟರುಗಳೆಲ್ಲ ಅಟ್ಟ ಸೇರಿ, ಅವುಗಳ ಜಾಗದಲ್ಲಿ ಪ್ಲೈವುಡ್ಡಿನ ಗೂಡುಗಳೂ ಪ್ರತಿ ಗೂಡಿಗೊಂದು ಕಂಪ್ಯೂಟರೂ ಬಂದವು. ಕರೆಂಟು ಇದ್ದಾಗ ಲೈನು ಇರುತ್ತಿರಲಿಲ್ಲ, ಲೈನು ಇದ್ದಾಗ ಕರೆಂಟು ಇರುತ್ತಿರಲಿಲ್ಲ. ಎರಡೂ ಇಲ್ಲದ ಹೊತ್ತಿನಲ್ಲಿ ಸಾಹೇಬರು ನನಗೆ ಚಹಾ ತರಿಸಿ ಇಂಟರ್ನೆಟ್ಟಿನ ಮಹಿಮೆ ಹೇಳುತ್ತಿದ್ದರು. "ಇನ್ನ ಮುಂದ ದುಕಾನು ಬಾಜಾರದಾಗ ಇರಂಗಿಲ್ರೀ ರಾಯರ. ಇದರಾಗ ಇರ್ತದ. ಗಿರಾಕಿ ಅಮೇರಿಕಾದಾಗ, ಮಾಲು ಗುಲಬರ್ಗಾದಾಗ, ನಡಬರಕ ಒಂದು ತಾರು. ಬಸ್, ಖೇಲ್ ಖತಂ!" ಆ ತಾರಿನ ಬಗ್ಗೆ ನಾನು ಬಹಳ ಹೊತ್ತು ಯೋಚಿಸುತ್ತಾ ಕೂರುತ್ತಿದ್ದೆ. ಸಮುದ್ರದ ಕೆಳಗೆ, ಮೀನುಗಳ ನಡುವೆ ಹಾದು ಶಹಾಬಜಾರಕ್ಕೆ ಬಂದು ಮುಟ್ಟುವ ತಾರು. ನಡುವೆ ಎಲ್ಲಿಯೂ ಚರಂಡಿ ದಾಟದೆ ಬರುವುದು ಹೇಗೆ ಎಂಬುದೊಂದೇ ನನಗೆ ಬಗೆಹರಿಯಲಿಲ್ಲ.

ಇಂಥ ದಿನಗಳಲ್ಲಿ ಕಮಲಾಪುರದಿಂದ ಶಿವಶರಣಪ್ಪ ಬಂದ. ಕಾಲೇಜಿನಲ್ಲಿ ನನ್ನ ಬೆಂಚಿನವನು. ಅವರ ಮನೆಯದು ಕೆಂಪು ಬಾಳೆಯ ತೋಟ. ಆ ಹಣ್ಣು ತಿನ್ನದವರಿಗೆ ಅದನ್ನು ವರ್ಣಿಸಿ ಉಪಯೋಗವಿಲ್ಲ, ತಿಂದವರಿಗೆ ವರ್ಣಿಸುವ ಅಗತ್ಯವಿಲ್ಲ. ಬಂದಾಗಲೆಲ್ಲ ಬುಟ್ಟಿ ತರುವುದು ಅವನ ಪದ್ಧತಿ. ಅವತ್ತೂ ತಂದಿದ್ದ, ಆದರೆ ಮೋರೆ ಸಣ್ಣದಾಗಿತ್ತು. ಊಟಕ್ಕೆ ಕೂತಾಗ ಬಾಯಿ ಬಿಟ್ಟ. "ಲೇ ಕುಲಕರ್ಣಿ, ಇದು ಕಡೀ ಹಂಗಾಮು ನೋಡು. ಅಣ್ಣ ತ್ವಾಟ ಕಡಿಸಿ ಕಬ್ಬು ಹಚ್ಚೂಣು ಅನ್ನಾಕತ್ತಾನ. ವರ್ಷಾವರಿ ಕಾದು ಒಂದು ಗೊನಿ ತೆಗಿಯೂದು ಇನ್ನ ಯಾರಿಗೆ ಬೇಕಾಗೇದ ಅಂತಾನ. ಅಂವಂದೂ ಖರೇನ. ಪ್ಯಾಟಿ ಮಂದಿ ಹಳದಿ ಹಣ್ಣು ಕೇಳ್ತಾರ, ಇದನ್ನ ನೋಡಿ ಕೊಳತಾವ ಅಂತ ತಿಳ್ಕೊಂತಾರ." ಹೇಳಿ ಅನ್ನ ಕಲೆಸತೊಡಗಿದ. ಕಾಲೇಜಿಗೆ ಚಕ್ಕರ್ ಹೊಡೆದು ನಾವಿಬ್ಬರೂ ಆ ತೋಟದ ನೆರಳಲ್ಲಿ ಹೊರಸಿನ ಮೇಲೆ ಮಲಗಿದ ಮಧ್ಯಾಹ್ನಗಳು ಎಷ್ಟೋ. ಹರಿದ ಎಲೆಗಳ ನಡುವಿನಿಂದ ಬಿಸಿಲು ಹಸಿರಾಗಿ ಇಳಿಯುತ್ತಿತ್ತು. ನೀರು ಎಲ್ಲೋ ಹರಿಯುವ ಸದ್ದು. ನನ್ನ ಜೀವನದ ಅರ್ಧಕ್ಕರ್ಧ ಕನಸುಗಳನ್ನು ನಾನು ಅಲ್ಲಿಯೇ ಕಂಡದ್ದು. ಅದನ್ನು ಕಡಿಯುವುದೆಂದರೇನು!

ಊಟ ಮುಗಿಯಿತು, ಫ್ಯಾನು ತಿರುಗಿತು, ವಿಚಾರ ಹೊಳೆಯಿತು. "ಶಿವಶರಣಪ್ಪ, ನಿನ್ನ ಹಣ್ಣು ಜಗತ್ತಿಗೆಲ್ಲ ಮಾರೋಣು" ಎಂದೆ. ಒಳಗಿನಿಂದ ನನ್ನ ಹೆಂಡತಿ ವತ್ಸಲಾ, "ಮೊದಲ ಶಹಾಬಜಾರಕ್ಕ ಮಾರ್ರಿ, ಆಮ್ಯಾಲ ಜಗತ್ತಿಗೆ ಮಾರೀರಂತ" ಎಂದಳು. ಅವಳ ಮಾತಿಗೆ ಕಿವಿಗೊಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ನಯೀಮ್‌ಸಾಹೇಬರು ವೆಬ್‌ಸೈಟು ಕಟ್ಟಿಕೊಟ್ಟರು. ಹಸಿರು ಬಣ್ಣದ ಮೇಲೆ ಕೆಂಪು ಅಕ್ಷರ, ಅಕ್ಷರಗಳು ಮಿಣಮಿಣ ಎನ್ನುತ್ತಿದ್ದವು. ಕೆಳಗೆ ಶಿವಶರಣಪ್ಪನ ಮನೆಯ ಫೋನ್ ನಂಬರು. ಎಷ್ಟು ಜನ ನೋಡಿದರೆಂದು ತೋರಿಸುವ ಒಂದು ಸಣ್ಣ ಮೀಟರೂ ಇತ್ತು. ದಿನಾ ಸಂಜೆ ಕಚೇರಿಯಿಂದ ಬರುವಾಗ ಗೂಡಿನಲ್ಲಿ ಕೂತು ಆ ಮೀಟರನ್ನೇ ನೋಡುತ್ತಿದ್ದೆ. ದಿನಾ ಒಂದು ಏರಿರುತ್ತಿತ್ತು! ಯಾರೋ ಒಬ್ಬ, ಎಲ್ಲೋ ದೂರದ ದೇಶದಲ್ಲಿ, ಹಿಮ ಬೀಳುವ ಊರಿನಲ್ಲಿ, ನಮ್ಮ ಕಮಲಾಪುರದ ಹಣ್ಣನ್ನು ತಪ್ಪದೆ ದಿನಕ್ಕೊಮ್ಮೆ ನೋಡುತ್ತಿದ್ದಾನೆ ಎಂದು ನೆನೆದರೆ ಮೈ ಜುಂ ಎನ್ನುತ್ತಿತ್ತು. ಅವನಿಗೊಂದು ಉಣ್ಣೆಯ ಟೋಪಿ ಹಾಕಿದೆ, ಬೆಂಕಿಯ ಮುಂದೆ ಕೂರಿಸಿದೆ, ಬಾಳೆಹಣ್ಣಿಲ್ಲದೆ ಮಂಕಾದ ಹೆಂಡತಿಯೊಬ್ಬಳನ್ನೂ ಕೊಟ್ಟೆ. ಕೊನೆಗೊಂದು ದಿನ ನಯೀಮ್‌ಸಾಹೇಬರು ಬಹಳ ಸಂಕೋಚದಿಂದ, "ರಾಯರ, ಬುರಾ ಮತ್ ಮಾನೋ, ಆ ಆದ್ಮಿ ನೀವೇ ಇದ್ದೀರಿ" ಎಂದರು. ನಾನು ಒಮ್ಮೆ ತೆಗೆದು ನೋಡಿದರೆ ಮೀಟರು ಒಂದು ಏರುತ್ತದಂತೆ. ಅವತ್ತು ಆ ಟೋಪಿಯವನು ಸತ್ತುಹೋದಷ್ಟು ದುಃಖವಾಯಿತು.

ಇನ್ನು ಹಣ್ಣು ಕಳಿಸುವ ಪ್ರಯೋಗವನ್ನೂ ಮಾಡಿ ನೋಡಿದೆವು. ಪುಣೆಯಲ್ಲಿರುವ ನನ್ನ ಸೋದರತ್ತೆಯ ಮಗನಿಗೆ ಪಾರ್ಸಲ್ಲಿನಲ್ಲಿ ಒಂದು ಪೆಟ್ಟಿಗೆ ಹಾಕಿದೆವು. ಪೆಟ್ಟಿಗೆ ಎಲ್ಲೆಲ್ಲಿ ವಿಶ್ರಾಂತಿ ತೆಗೆದುಕೊಂಡಿತೋ ಏನೋ, ಅವನು ಫೋನು ಮಾಡಿ, "ಹಣ್ಣು ಇನ್ನೂ ಬಂದಿಲ್ಲೋ, ಹಲ್ವಾ ಬಂದದ" ಎಂದ. ಶಿವಶರಣಪ್ಪ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಕಮಲಾಪುರದಲ್ಲಿ ಅವನ ಅಣ್ಣ ಗುರುಲಿಂಗಪ್ಪನವರು ಕಬ್ಬಿನ ಬೀಜಕ್ಕೆ ಹೇಳಿ ಆಗಿತ್ತು.

ಆಗ ನಯೀಮ್‌ಸಾಹೇಬರು ಇಂಟರ್ನೆಟ್ಟಿನಿಂದಲೇ ಒಂದು ಲೇಖನ ಮುದ್ರಿಸಿ ಕೈಗಿತ್ತರು. ಸಣ್ಣ ವ್ಯಾಪಾರಿ ಒಂಟಿಯಾಗಿ ಬದುಕಲಾರ, ಅವನಿಗೊಬ್ಬ ಪಾಲುದಾರ ಬೇಕು, ನಿನ್ನ ಗಿರಾಕಿಯೇ ಅವನ ಗಿರಾಕಿಯೂ ಆಗಿರಬೇಕು, ನಿನ್ನ ಪುಟದಲ್ಲಿ ಅವನ ಹೆಸರು, ಅವನ ಪುಟದಲ್ಲಿ ನಿನ್ನ ಹೆಸರು ಇರಬೇಕು, ಎಂದೆಲ್ಲ ಅದರಲ್ಲಿತ್ತು. ಓದಿ ನನಗೆ ಮಾರ್ಕೆಟಿಂಗಿನ ಹುಚ್ಚೇ ಹಿಡಿಯಿತು. ಕಂಡಕಂಡ ವೆಬ್‌ಸೈಟುಗಳಿಗೆ ಪತ್ರ ಬರೆದೆ. ಪ್ರವಾಸದವರಿಗೆ, ಹೋಟೆಲಿನವರಿಗೆ, ಆಯುರ್ವೇದದವರಿಗೆ, ಮಲಬದ್ಧತೆಯ ಮೇಲೆ ಉಚಿತ ಸಲಹೆ ಕೊಡುವ ಒಬ್ಬ ಡಾಕ್ಟರಿಗೂ ಬರೆದೆ. ಬಾಳೆಹಣ್ಣಿಗೆ ಅದಕ್ಕಿಂತ ಹತ್ತಿರದ ನೆಂಟಸ್ತಿಕೆ ಇನ್ನೆಲ್ಲಿದೆ? ಯಾರೂ ಉತ್ತರ ಕೊಡಲಿಲ್ಲ. ಕೊಟ್ಟವರು ಒಬ್ಬರೇ. ನಮ್ಮ ಭಾಗದ ಮನೆತನಗಳಿಗೆ ವಧೂವರರನ್ನು ತೋರಿಸುವ ವೆಬ್‌ಸೈಟು ನಡೆಸುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು. "ಲಗ್ನ ಅಂದ ಮೇಲೆ ಬಾಳೆಹಣ್ಣು ಬೇಕೇ ಬೇಕು, ನಮ್ಮದು ಸಹಜ ಸಂಬಂಧ" ಎಂದು ಅವರು ಬರೆದಿದ್ದರು. ಹೀಗೆ ಅವರ ಪುಟದಲ್ಲಿ ಕನ್ಯೆಯರ ಸಾಲು ಮುಗಿದು ವರರ ಸಾಲು ಶುರುವಾಗುವ ಕಡೆ ನಮ್ಮ ಕೆಂಪು ಬಾಳೆ ಬಂದು ಕೂತಿತು. ಒತ್ತಿದರೆ ಸೀದಾ ನಮ್ಮ ಪುಟ.

ಫೋನುಗಳು ಬರತೊಡಗಿದವು! ನಾನು ಶಿವಶರಣಪ್ಪನಿಗೆ ಗಿರಾಕಿಯ ಜೊತೆ ಹೇಗೆ ಮಾತಾಡಬೇಕೆಂದು ಲೇಖನದಲ್ಲಿದ್ದಂತೆ ಪಾಠ ಹೇಳಿಕೊಟ್ಟಿದ್ದೆ. ಅವನು ಅದನ್ನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟ. ಅವನಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ. "ಯಾರ ಪೈಕಿ ರೀ ನೀವು?" ಹಣ್ಣು ಕೇಳಿದವರು ತಮ್ಮ ಮನೆತನ ಹೇಳಬೇಕು, ಅವರ ತಾಯಿಯ ತವರು ಹೇಳಬೇಕು, ಬೀಗರು ಯಾರು ಅಂತ ಹೇಳಬೇಕು. ಅರ್ಧ ತಾಸು ಮಾತಾಡಿದರೆ ಎಲ್ಲೋ ಒಂದು ಕಡೆ ಎಳೆ ಕೂಡಿಯೇ ಕೂಡುತ್ತಿತ್ತು. ಕೂಡಿದ ಮೇಲೆ ಮಾರುವುದು ಹೇಗೆ? "ನೀವು ನಮ್ಮ ಅತ್ತಿ ಊರಿನವರು, ನಿಮಗೇನು ಪಾರ್ಸಲ್ ಹಾಕೂದ್ರಿ, ತ್ವಾಟಕ್ಕ ಬಂದು ಉಂಡು ಹೋಗ್ರಿ" ಎಂದುಬಿಡುತ್ತಿದ್ದ. ನಾನು ತಲೆ ಚಚ್ಚಿಕೊಂಡೆ. "ಅವರು ಗಿರಾಕಿ ಅದಾರೋ ಮಾರಾಯಾ, ಬೀಗರಲ್ಲ!" "ಇವತ್ತಿಲ್ಲ, ನಾಳಿ ಆಗ್ತಾರ ತಗೋ" ಎಂದ ಅವನು.

ಆದದ್ದೂ ಹಾಗೆಯೇ. ಚಿಂಚೋಳಿಯ ಕಡೆಯವರು ಹಣ್ಣಿಗೆಂದು ಫೋನು ಮಾಡಿದಾಗ ಮನೆಯಲ್ಲೊಂದು ಹುಡುಗಿ ಇದೆ ಎಂದು ತಿಳಿಯಿತು. ಆಳಂದದ ಕಡೆಯವರು ಮಾಡಿದಾಗ ಒಬ್ಬ ಹುಡುಗ ಇದ್ದಾನೆ ಎಂದು ತಿಳಿಯಿತು. ಶಿವಶರಣಪ್ಪ ಇಬ್ಬರಿಗೂ ಒಂದೇ ರವಿವಾರ ತೋಟಕ್ಕೆ ಬರಹೇಳಿದ. ನಮ್ಮ ಕಡೆ ಹೆಣ್ಣು ನೋಡಲು ಮನೆಗೇ ಹೋದರೆ ಓಣಿಗೆಲ್ಲ ಸುದ್ದಿ. ಕೂಡಿಬರದಿದ್ದರೆ ಹುಡುಗಿಯ ತಂದೆ ಆರು ತಿಂಗಳು ತಲೆ ತಗ್ಗಿಸಿ ಓಡಾಡಬೇಕು. ಈ ತೋಟದಲ್ಲಿ ಆ ಪಂಚಾಯ್ತಿಯೇ ಇಲ್ಲ. ಯಾರೂ ಯಾರನ್ನೂ ನೋಡಲು ಬಂದಿಲ್ಲ, ಎಲ್ಲರೂ ಹಣ್ಣು ತಿನ್ನಲು ಬಂದಿದ್ದಾರೆ! ಹುಡುಗ ಆ ಗಿಡದ ಹತ್ತಿರ, ಹುಡುಗಿ ಈ ಗಿಡದ ಹತ್ತಿರ, ನಡುವೆ ಎಲೆಯ ನೆರಳು. ತಾಯಂದಿರು ಸಿಪ್ಪೆ ಸುಲಿಯುತ್ತಲೇ ಒಬ್ಬರನ್ನೊಬ್ಬರು ಅಳೆಯುತ್ತಿದ್ದರು. ಮನಸ್ಸಾದರೆ ಮುಂದಿನ ಮಾತು, ಆಗದಿದ್ದರೆ ಬುಟ್ಟಿ ತುಂಬಾ ಹಣ್ಣು ಕೊಂಡು ನಗುನಗುತ್ತಾ ಊರಿಗೆ. ಯಾರ ಮುಖವೂ ಬಾಡುವುದಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಲೇಖನದಲ್ಲಿ ಈ ಉಪಾಯ ಎಲ್ಲಿಯೂ ಇರಲಿಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ಆದರೆ ಗುರುಲಿಂಗಪ್ಪನವರು ಮೆತ್ತಗಾಗಲಿಲ್ಲ. "ಬುಟ್ಟಿ ಲೆಕ್ಕದಾಗ ಮಾರಿ ಬಾಳ್ವಿ ಆಗಂಗಿಲ್ಲ. ಈ ರವಿವಾರ ಕಡೀದು. ಸೋಮವಾರ ಆಳು ಬರ್ತಾರ" ಎಂದರಂತೆ. ಶಿವಶರಣಪ್ಪ ಫೋನಿನಲ್ಲಿ, "ಬಂದು ಒಮ್ಮಿ ನೋಡಿ ಹೋಗಲೇ" ಎಂದಷ್ಟೇ ಹೇಳಿದ.

ನಾನೂ ವತ್ಸಲಾನೂ ಹುಮನಾಬಾದ ಬಸ್ಸು ಹಿಡಿದು ಹೋದೆವು. ತೋಟ ಮೊದಲಿನಂತೆಯೇ ಇತ್ತು. ಅದೇ ಹಸಿರು ಬಿಸಿಲು, ಅದೇ ನೀರಿನ ಸದ್ದು, ಗೊನೆಗಳು ಸಂಜೆಯ ಬಣ್ಣ ಹೊತ್ತು ತೂಗುತ್ತಿದ್ದವು. ನಾಳೆ ಇದು ಇರುವುದಿಲ್ಲ ಎಂಬ ಮಾತನ್ನು ಮನಸ್ಸಿಗೆ ಎಷ್ಟು ಹೇಳಿದರೂ ಅದು ನಂಬಲೊಲ್ಲದು. ಒಂದು ಗಿಡಕ್ಕೆ ಒರಗಿ ನಿಂತೆ, ಅಳು ಬಂತು, ಕಣ್ಣಲ್ಲಿ ಕಸ ಬಿತ್ತೆಂದು ವತ್ಸಲಾಗೆ ಹೇಳಿದೆ. ಅವಳು ಸೆರಗಿನ ತುದಿ ಕೊಟ್ಟಳು.

ಅಷ್ಟರಲ್ಲಿ ಒಂದು ಜೀಪು ಬಂತು. ಸೇಡಂ ಕಡೆಯವರು. ಮೊಮ್ಮಗಳನ್ನು ಕರೆದುಕೊಂಡು ಒಬ್ಬ ಅಜ್ಜಿ ಇಳಿದರು, ಹಣೆ ತುಂಬಾ ವಿಭೂತಿ, ದನಿ ತೋಟದ ಆಚೆ ದಂಡೆಗೆ ಕೇಳುವಂಥದು. ಹೊರಸಿನ ಮೇಲೆ ಕೂತು ಒಂದು ಹಣ್ಣು ತಿಂದರು, ಕಣ್ಣು ಮುಚ್ಚಿದರು, ಇನ್ನೊಂದು ತಿಂದರು. ಆಮೇಲೆ ಗುರುಲಿಂಗಪ್ಪನವರನ್ನು ಕರೆದರು. "ಏ ಗೌಡಾ, ನನ್ನ ಮೊಮ್ಮಗಳ ಲಗ್ನದಾಗ ಎಲಿಗೊಂದು ಈ ಹಣ್ಣು ಬೀಳಬೇಕು ನೋಡು. ಬ್ಯಾರೇದು ನಡ್ಯಂಗಿಲ್ಲ."

"ಲಗ್ನ ಯಾವಾಗ್ರಿ ಅವ್ವಾರ?"

"ಹುಡುಗ ಸಿಕ್ಕ ಮ್ಯಾಲ. ಬರೂ ವರ್ಷ ಅಂತ ಇಟ್ಕೋ. ಊರಿಗೂರೇ ಉಣ್ಣಾಕ ಬರ್ತದ. ಕೊಡ್ತೀಯೋ ಇಲ್ಲೋ, ಹೇಳು."

ಹೆಣ್ಣುಮಗಳ ಲಗ್ನದ ಮಾತಿಗೆ, ಅದೂ ಹಿರಿಯರು ಎಲ್ಲರೆದುರು ಕೇಳಿದಾಗ, ಇಲ್ಲ ಎನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. "ಕೊಡ್ತೇನ್ರಿ ಅವ್ವಾರ" ಎಂದು ಗುರುಲಿಂಗಪ್ಪನವರು ಕೈ ಮುಗಿದುಬಿಟ್ಟರು. ಮುಗಿದ ಕೈ ಇಳಿಸುವಾಗ ಅವರಿಗೆ ತಾವು ಏನು ಹೇಳಿದೆವೆಂದು ಹೊಳೆಯಿತು. ಬರುವ ವರ್ಷ ಹಣ್ಣು ಕೊಡಬೇಕಾದರೆ ಈ ವರ್ಷ ಗಿಡ ನಿಂತಿರಬೇಕು. ತೋಟದ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು. ಹೆಗಲ ಮೇಲಿನ ಟವೆಲು ಝಾಡಿಸಿದರು. "ಶಿವಶರಣಾ, ನಾಳಿ ಆಳು ಬಂದ್ರ ಬಾಜೂಕಿನ ಹೊಲಕ್ಕ ಕಳಸು. ಕಬ್ಬು ಅಲ್ಲೇ ಹಚ್ಚಿದರಾತು. ಮಾತು ಕೊಟ್ಟೀನಿ, ಏನ್ಮಾಡೂದು" ಎಂದು, ತಮ್ಮನ ಮೇಲೆಯೇ ಸಿಟ್ಟು ಮಾಡುತ್ತಾ ಹೊರಟುಹೋದರು. ಶಿವಶರಣಪ್ಪ ನನ್ನ ಬೆನ್ನಿಗೆ ಗುದ್ದಿದ ಗುದ್ದು ನೋಯಬೇಕಾಗಿತ್ತು, ನನಗೆ ಸಂತೋಷದಲ್ಲಿ ಗೊತ್ತೇ ಆಗಲಿಲ್ಲ.

ಇದೆಲ್ಲ ನನ್ನ ಮಾರ್ಕೆಟಿಂಗಿನ ಫಲ ಎಂದು ಯಾರಾದರೂ ಹೇಳಬೇಡವೇ? ಯಾರೂ ಹೇಳಲಿಲ್ಲ. ನಾನೇ ಅಜ್ಜಿಯ ಹತ್ತಿರ ಹೋಗಿ, ಎದೆ ಸ್ವಲ್ಪ ಮುಂದೆ ಮಾಡಿ, "ನೀವು ಇಂಟರ್ನೆಟ್ಟಿನಾಗ ನೋಡಿ ಬಂದಿರೇನ್ರಿ?" ಎಂದು ಕೇಳಿದೆ.

"ಮತ್ತ? ಅದನ್ನ ನೋಡೇ ಬಂದೀವಿ" ಎಂದು ಅಜ್ಜಿ ಸೊಂಟದ ಚೀಲದಿಂದ ಮಡಿಸಿದ ಕಾಗದ ತೆಗೆದರು. ನಮ್ಮದೇ ಪುಟ, ಮುದ್ರಿಸಿಕೊಂಡು ತಂದಿದ್ದರು! ಅದರಲ್ಲಿ ಗೊನೆಯ ಪಕ್ಕ ನಾನು ನಿಂತಿರುವ ಫೋಟೋ. ತೋಟದ್ದು ಎಂದು ನನ್ನಲ್ಲಿದ್ದ ಫೋಟೋ ಅದೊಂದೇ, ಕಾಲೇಜಿನ ದಿನಗಳದು, ಅದನ್ನೇ ಹಾಕಿಸಿದ್ದೆ. ಅಜ್ಜಿ ಅದರ ಮೇಲೆ ಬೆರಳಿಟ್ಟರು. "ಲಗ್ನದ ಪುಟದಾಗಿಂದ ಒತ್ತಿದ್ರ ಇದು ಬಂತಂತ. ಈ ಹುಡುಗ ಭಾಳ ಚೊಲೊ ಅದಾನ. ತಲಿ ತುಂಬ ಕೂದಲು, ಕಣ್ಣಾಗ ಏನೋ ಕನಸು. ಇಂವನ್ನ ನೋಡಾಕಂತನ ಇಷ್ಟು ದೂರ ಬಂದೀವಿ. ಎಲ್ಲಿ ಅದಾನ್ರಿ? ನೀವು ಅವನ ಅಪ್ಪಾರೇನು?"

ಬಾಳೆಗಿಡಗಳ ಹಿಂದೆ ಶಿವಶರಣಪ್ಪ ಕುಕ್ಕರುಗಾಲಲ್ಲಿ ಕೂತುಬಿಟ್ಟ. ನಗುವಿಗೆ ಅವನ ಭುಜ ಕುಣಿಯುತ್ತಿತ್ತು. ವತ್ಸಲಾ ಅಜ್ಜಿಯ ಕೈಯಿಂದ ಕಾಗದ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

"ಈ ಹುಡುಗನ್ನ ನಾನೂ ಭಾಳ ವರ್ಷದಿಂದ ಹುಡಕ್ಲಿಕ್ಕತ್ತೀನ್ರೀ ಅಜ್ಜಿ" ಎಂದಳು. "ಆದ್ರ ಸಿಕ್ಕರೂ ನಿಮಗ ಕೊಡೂದಿಲ್ಲ ನೋಡ್ರಿ."

ಅಜ್ಜಿ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಂಗಾರ ಇವರು ಯಾರವ್ವ?"

"ಇವರು ಮಾರ್ಕೆಟಿಂಗಿನವರು ರೀ" ಎಂದಳು ವತ್ಸಲಾ, ಕಾಗದವನ್ನು ಮಡಿಸಿ ತನ್ನ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾ. "ಬುಟ್ಟಿ ಜೀಪಿನ ತನಕಾ ತಂದು ಕೊಡ್ತಾರ."

ಜೀಪು ದೂರವಿತ್ತು, ಬುಟ್ಟಿ ಭಾರವಿತ್ತು. ತಂದು ಕೊಟ್ಟೆ.